ವಿಚ್ಛೇದನ ಗಂಡ-ಹೆಂಡಿರಿಗೆ, ಮಗುವಿಗಲ್ಲ!

ಮಗುವಿನ ಮನಸ್ಸನ್ನು ಹೆತ್ತವರ ವಿರುದ್ಧ ತಿರುಗಿಸುವುದನ್ನು ಇಂದೇ ನಿಲ್ಲಿಸೋಣ

ತಂದೆ-ತಾಯಂದಿರಲ್ಲಿ, ಅಜ್ಜ-ಅಜ್ಜಿಯರಲ್ಲಿ, ಶಿಕ್ಷಕರಲ್ಲಿ, ವಕೀಲರಲ್ಲಿ ಮತ್ತು ಸಮಸ್ತ ನಾಗರಿಕರಲ್ಲಿ ಒಂದು ಮನವಿ

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿ ನ್ಯಾಯದೇಗುಲ ಎಂಬ ಕಟ್ಟಡವಿದೆ. ನಗರದ ಕೌಟುಂಬಿಕ ನ್ಯಾಯಾಲಯಗಳು ನಡೆಯುವುದು ಅಲ್ಲಿ. ಕೋರ್ಟಿನ ದಿನ ಬೆಳಿಗ್ಗೆ ಹೋಗಿ ನಿಂತರೆ, ಶಾಲೆಗೆ ರಜೆ ಹಾಕಿ ಬಂದ ಮಕ್ಕಳು ಕಾಣುತ್ತಾರೆ. ಅಪ್ಪನನ್ನು ಕಂಡು ನಗು ಬಂದರೂ ಮಗು ಮೊದಲು ಅಮ್ಮನ ಮುಖ ನೋಡುತ್ತದೆ. ಅಮ್ಮನ ಹತ್ತಿರ ಓಡಬೇಕೆನಿಸಿದರೂ ಮೊದಲು ಅಪ್ಪನ ಕಡೆ ತಿರುಗುತ್ತದೆ. ತನ್ನವರನ್ನು ಕಂಡು ಖುಷಿಪಡಲೂ ಮಗು ಅಪ್ಪಣೆ ಕೇಳಬೇಕಾದ ಈ ಸ್ಥಿತಿ ಮೈಸೂರಿನಲ್ಲೂ ಇದೆ, ಬೆಳಗಾವಿಯಲ್ಲೂ ಇದೆ, ಕಲಬುರಗಿಯಲ್ಲೂ ಇದೆ. ಕೋರ್ಟಿನ ಮೆಟ್ಟಿಲು ಹತ್ತದೆ ಬೇರೆಯಾದ ಮನೆಗಳ ಮಕ್ಕಳನ್ನಂತೂ ಕೇಳುವವರೇ ಇಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂದು ಗಾದೆ ಹೇಳಿ, ನಿಟ್ಟುಸಿರು ಬಿಟ್ಟು, ನಮ್ಮ ಪಾಡಿಗೆ ನಾವು ಹೋಗಿದ್ದು ಸಾಕು. ಕೂಸು ತಾನಾಗಿ ಬಡವಾಗುವುದಿಲ್ಲ. ದೊಡ್ಡವರು ಮಾಡುವ ಕೆಲಸಗಳಿಂದ ಬಡವಾಗುತ್ತದೆ. ಆ ಕೆಲಸಗಳನ್ನು ನಿಲ್ಲಿಸಲು ಸಾಧ್ಯವಿದೆ. ಅದಕ್ಕಾಗಿಯೇ ಈ ಕರಪತ್ರ.

ವಿಚ್ಛೇದನ ಪಡೆಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕೂಡಿ ಬಾಳಲಾಗದವರು ಬೇರೆಯಾಗಲಿ, ಅದು ಅವರ ಹಕ್ಕು. ಇದನ್ನು ಗಂಡಸರ ಪರ, ಹೆಂಗಸರ ಪರ ಎಂಬ ಜಗಳವೆಂದೂ ತಿಳಿಯಬೇಡಿ. ಮಗುವಿನ ದನಿ ಕೇಳಲು ಸಿಗದೆ ಒದ್ದಾಡುವ ಅಪ್ಪಂದಿರಿದ್ದಾರೆ. ಮಗುವನ್ನು ತಮ್ಮಲ್ಲೇ ಉಳಿಸಿಕೊಂಡ ಗಂಡನ ಮನೆಯವರು ಹೊರಗಟ್ಟಿದ ಅಮ್ಮಂದಿರೂ ಇದ್ದಾರೆ. ನಮ್ಮ ಮಾತು ಒಂದೇ: ಮದುವೆ ಮುರಿದರೂ ಮಗುವಿಗೆ ಅಪ್ಪ ಅಪ್ಪನೇ, ಅಮ್ಮ ಅಮ್ಮನೇ. ಇಬ್ಬರಲ್ಲಿ ಒಬ್ಬರನ್ನು ಮಗುವಿನ ಬದುಕಿನಿಂದ ಅಳಿಸಿಹಾಕುವ ಅಧಿಕಾರ ಇನ್ನೊಬ್ಬರಿಗಿಲ್ಲ.

ತಲೆ ತುಂಬುವುದು ಹೀಗೆ

ಇದು ಒಂದೇ ದಿನದಲ್ಲಿ ಆಗುವಂಥದ್ದಲ್ಲ. ದಿನದಿನದ ಸಣ್ಣ ಮಾತುಗಳಲ್ಲಿ, ಸಣ್ಣ ತಡೆಗಳಲ್ಲಿ ಆಗುತ್ತದೆ.

● "ನೀನು ಬೇಕಿದ್ದರೆ ನಿಮ್ಮಪ್ಪ ಬಿಟ್ಟು ಹೋಗ್ತಿದ್ದನಾ?" "ನಿಮ್ಮಮ್ಮ ಕೇಸ್ ಹಾಕಿರೋದು ದುಡ್ಡಿಗೆ, ನಿನಗಾಗಿ ಅಲ್ಲ." ಊಟ ಬಡಿಸುವಾಗ, ತಲೆ ಬಾಚುವಾಗ ಆಡುವ ಮಾತುಗಳಿವು.

● ಭೇಟಿಯ ಶನಿವಾರ ಬಂತೆಂದರೆ ಮಗುವಿಗೆ ಜ್ವರ, ಟ್ಯೂಷನ್, ಯಾರದೋ ಹುಟ್ಟುಹಬ್ಬ, ಊರಿಗೆ ಹೋಗುವ ತುರ್ತು.

● ಫೋನ್ ಬಂದರೆ "ನಿದ್ದೆ ಮಾಡ್ತಿದೆ", "ಹೋಮ್‌ವರ್ಕ್ ಮಾಡ್ತಿದೆ". ಕೊಟ್ಟರೂ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುವುದು.

● ಭೇಟಿ ಮುಗಿಸಿ ಬಂದ ಮಗುವಿಗೆ ಪೊಲೀಸ್ ವಿಚಾರಣೆ: "ಮನೇಲಿ ಯಾರಿದ್ರು? ಏನು ಕೊಡಿಸಿದ್ರು? ನನ್ನ ಬಗ್ಗೆ ಏನಂದ್ರು?"

● ಕೋರ್ಟಿನ ಕಾಗದ, ವಕೀಲರ ನೋಟಿಸನ್ನು ಮಗುವಿನ ಕೈಗೆ ಕೊಟ್ಟು ಓದಿಸುವುದು.

● ಆಲ್ಬಮ್ಮಿನಿಂದ ಫೋಟೊ ಕಿತ್ತೆಸೆಯುವುದು. ತಂದುಕೊಟ್ಟ ಬಟ್ಟೆ, ಆಟಿಕೆಗಳನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುವುದು.

● ಹೇಳದೆ ಕೇಳದೆ ಶಾಲೆ ಬದಲಿಸುವುದು, ಊರು ಬದಲಿಸುವುದು. ಶಾಲೆಯ ಅರ್ಜಿಯಲ್ಲಿ ಇನ್ನೊಬ್ಬರ ಹೆಸರಿನ ಜಾಗವನ್ನು ಖಾಲಿ ಬಿಡುವುದು.

● "ನೀನು ಅಲ್ಲಿಗೆ ಹೋದ್ರೆ ನನಗೆ ಯಾರಿದ್ದಾರೆ?" ಎಂದು ಮಗುವಿನ ಮುಂದೆ ಕಣ್ಣೀರು ಹಾಕುವುದು. ಬೈಗುಳಕ್ಕಿಂತ ಇದು ಬಲವಾದದ್ದು. ಹೆತ್ತವರ ಕಣ್ಣೀರನ್ನು ದಾಟಿ ಹೋಗುವ ಶಕ್ತಿ ಯಾವ ಮಗುವಿಗೂ ಇಲ್ಲ.

ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ದಿನ ಮಗುವೇ "ನಾನು ಬರಲ್ಲ" ಎನ್ನುತ್ತದೆ. ಯಾಕೆಂದು ಕೇಳಿದರೆ ಅದರ ಬಾಯಲ್ಲಿ ದೊಡ್ಡವರ ಮಾತು ಬರುತ್ತದೆ. ಏಳು ವರ್ಷದ ಮಗು "ಜೀವನಾಂಶ" ಎನ್ನುತ್ತದೆ, "ಟಾರ್ಚರ್" ಎನ್ನುತ್ತದೆ. ನಿನ್ನೆಯವರೆಗೆ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರ ಬಗ್ಗೆ ಒಂದೇ ಒಂದು ಒಳ್ಳೆಯ ನೆನಪೂ ಇಲ್ಲ ಎನ್ನುತ್ತದೆ. ಆ ಸಿಟ್ಟು ಅಜ್ಜಿಗೂ ಹರಡುತ್ತದೆ, ಅತ್ತೆಗೂ, ಚಿಕ್ಕಪ್ಪನಿಗೂ, ಜೊತೆಯಲ್ಲಿ ಆಡಿ ಬೆಳೆದ ದೊಡ್ಡಮ್ಮನ ಮಕ್ಕಳಿಗೂ.

ಗೆದ್ದೆವೆಂದು ಆಗ ಯಾರಾದರೂ ಸಮಾಧಾನಪಟ್ಟರೆ ಅವರು ಮಗುವಿನ ಒಳಗನ್ನು ನೋಡಿಲ್ಲ. ಅಪ್ಪ ಕೆಟ್ಟವನೆಂದು ನಂಬಿದ ಮಗು ಕನ್ನಡಿಯಲ್ಲಿ ಅಪ್ಪನ ಮೂಗನ್ನೇ ನೋಡುತ್ತದೆ. ಅಮ್ಮ ಬಿಟ್ಟುಹೋದಳೆಂದು ನಂಬಿದ ಮಗು, ಬಿಟ್ಟುಹೋಗುವಷ್ಟು ತಾನು ಬೇಡವಾಗಿದ್ದೆ ಎಂದೂ ನಂಬುತ್ತದೆ. ಒಬ್ಬರನ್ನು ಮೆಚ್ಚಿಸಲು ಇನ್ನೊಬ್ಬರ ಬಗ್ಗೆ ಸುಳ್ಳು ಹೇಳುವುದನ್ನು ಕಲಿತ ಮಗು ಅದನ್ನು ಅಲ್ಲಿಗೇ ಬಿಡುವುದಿಲ್ಲ. ಮುಂದೆ ಬೆಳೆದು ನಿಜ ತಿಳಿದ ದಿನ, ಕಳೆದುಕೊಂಡ ಬಾಲ್ಯದ ಲೆಕ್ಕವನ್ನು ತಲೆ ತುಂಬಿದವರ ಬಳಿಯೇ ಕೇಳುತ್ತದೆ.

ಎಚ್ಚರ! "ಬರಲ್ಲ" ಎಂಬುದೆಲ್ಲ ತಲೆ ತುಂಬಿದ್ದಲ್ಲ

ಈ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತೇವೆ. ಕುಡಿದು ಹೊಡೆಯುವವರನ್ನು ಕಂಡು ಮಗು ನಡುಗಿದರೆ ಆ ನಡುಕ ನಿಜ. ಮೈಮೇಲೆ ಕೈಹಾಕಿದವರ ಹತ್ತಿರ ಹೋಗಲು ಒಲ್ಲದ ಮಗುವನ್ನು ಬಲವಂತವಾಗಿ ಕಳಿಸುವುದು ಪಾಪ ಮಾತ್ರವಲ್ಲ, ಅಪರಾಧಕ್ಕೆ ಸಹಾಯ. ಮಗುವಿನ ಸುರಕ್ಷತೆ ಮೊದಲು, ಭೇಟಿ ಆಮೇಲೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಂ, ಭೇಟಿಯಿಂದ ಮಗುವಿಗೆ ಕೇಡಾಗುತ್ತದೆ ಎನಿಸಿದರೆ ಅದನ್ನು ನಿರಾಕರಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಅದು ಇರಲೇಬೇಕಾದ ಕಾನೂನು.

ತಲೆ ತುಂಬಿಸಿಕೊಂಡು ಹೆತ್ತವರೊಬ್ಬರಿಂದ ದೂರವಾದ ಮಗುವಿನ ಸ್ಥಿತಿಗೆ "ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್" ಎಂಬ ಹೆಸರನ್ನು 1985ರಲ್ಲಿ ಬಳಕೆಗೆ ತಂದವರು ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್. ವೈದ್ಯಲೋಕ ಅದನ್ನು ಕಾಯಿಲೆಯೆಂದು ಒಪ್ಪಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಸೂಚಿಯಿಂದ 2020ರಲ್ಲಿ ಆ ಪದವನ್ನೇ ತೆಗೆಯಿತು. ಹಿಂಸೆಯ ದೂರು ಕೊಟ್ಟ ತಾಯಂದಿರ ಬಾಯಿ ಮುಚ್ಚಿಸಲು ಈ ಹೆಸರನ್ನು ಬಳಸುತ್ತಾರೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 2023ರಲ್ಲಿ ಎಚ್ಚರಿಸಿದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಮೇ ತಿಂಗಳ ತೀರ್ಪಿನಲ್ಲಿ, ಅವಸರಪಟ್ಟು ಯಾರಿಗೂ ಈ ಹಣೆಪಟ್ಟಿ ಅಂಟಿಸಬೇಡಿ, ಮಗುವನ್ನು ದೂರಮಾಡುವ ನಡವಳಿಕೆ ನಿಜಕ್ಕೂ ನಡೆದಿದೆಯೇ ಎಂದು ಒಂದೊಂದು ಘಟನೆಯನ್ನೂ ಗುರುತಿಸಿ ನೋಡಿ ಎಂದಿದೆ.

ನಾವು ಕೇಳುವುದೂ ಅದನ್ನೇ. ರೋಗದ ಹೆಸರು ಬೇಡ, ನಡೆದದ್ದನ್ನು ನೋಡಿ. ಭೇಟಿ ಎಷ್ಟು ಸಲ ತಪ್ಪಿತು? ಯಾಕೆ ತಪ್ಪಿತು? ಫೋನ್ ಕೊಟ್ಟರೇ? ಹೊಡೆತ ಬಡಿತಕ್ಕೆ ಸಾಕ್ಷಿಯಿದೆಯೇ? ಮಗು ತನ್ನ ಮಾತಿನಲ್ಲಿ ಏನು ಹೇಳುತ್ತದೆ? ಬೇಗ ನೋಡಿ, ಪೂರ್ತಿ ನೋಡಿ.

ಕಾನೂನು ಮಗುವಿನ ಕಡೆ ಇದೆ

ಯಾವ ಧರ್ಮದ ಮನೆಯಾದರೂ ಮಗುವಿನ ಪಾಲನೆಯ ಪ್ರಶ್ನೆ ಬಂದಾಗ ಕೋರ್ಟುಗಳು ನೋಡುವುದು ಮಗುವಿನ ಹಿತವನ್ನು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಮಿನಲ್ಲಿ ಈ ಮಾತಿದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 13ನೇ ಕಲಂ, ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದೇ ಕಾಯ್ದೆ ಹೇಳಿದರೂ, ತಂದೆಯ ಮುಖ ನೋಡಬಾರದೆಂದು ಎಲ್ಲೂ ಹೇಳಿಲ್ಲ. ಮಕ್ಕಳು ಹೆತ್ತವರ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲವೆಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿತು. ಬೇರೆಯಾದ ಹೆತ್ತವರಿಬ್ಬರ ಜೊತೆಗೂ ನಂಟು ಉಳಿಸಿಕೊಳ್ಳುವ ಹಕ್ಕು, ತನ್ನ ಹಿತಕ್ಕೆ ಕೇಡಿಲ್ಲದಿದ್ದರೆ, ಮಗುವಿಗಿದೆ ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ.

2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹನ್ನೆರಡು ವರ್ಷದ ಬಾಲಕನ ಪ್ರಕರಣವೊಂದರಲ್ಲಿ ಹೊಸ ದಾರಿ ತೋರಿಸಿತು. ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ, ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಓದಿನ ಖರ್ಚಿನಲ್ಲಿ ಸಮಪಾಲು. ಎಲ್ಲ ಮನೆಗೂ ಇದೇ ಲೆಕ್ಕ ಹೊಂದಬೇಕೆಂದಿಲ್ಲ. ಆದರೆ ಮಗುವಿನ ಪಾಲನೆ ಇಬ್ಬರಿಗೂ ಸೇರಿದ್ದೆಂದು ಕಾಗದದ ಮೇಲೆ ಬರೆಯಲು ಬರುತ್ತದೆ ಎಂಬುದಕ್ಕೆ ಈ ಆದೇಶವೇ ಸಾಕ್ಷಿ.

2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದವಳು ಎಂಟು ವರ್ಷದ ಹುಡುಗಿ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾಗಿ ತಂದೆಯ ಬಳಿ ಬೆಳೆದಿದ್ದಳು. ತಂದೆಯ ಜೊತೆಗೇ ಇರುತ್ತೇನೆ ಎಂದಳು. ತಾಯಿಯೊಂದಿಗೆ ಬದುಕಿಯೇ ಗೊತ್ತಿಲ್ಲದ ಮಗು ಆರಿಸಿಕೊಳ್ಳುವುದಾದರೂ ಹೇಗೆ ಎಂದು ನ್ಯಾಯಾಲಯ ಯೋಚಿಸಿತು. ಒಂದು ವರ್ಷ ತಾಯಿಯ ಬಳಿ ಇರಲು ಆದೇಶಿಸಿತು. 2020ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಮಗು ಯಾರ ಬಳಿ ಇಲ್ಲವೋ ಅವರಿಗೆ ದಿನವೂ ಐದು-ಹತ್ತು ನಿಮಿಷವಾದರೂ ಮಗುವಿನೊಡನೆ ಮಾತಾಡಲು ಸಿಗಬೇಕು ಎಂದಿತು. ದಿನಕ್ಕೆ ಐದು ನಿಮಿಷ! ಇಷ್ಟನ್ನೂ ಕೊಡದ ಮನೆಗಳು ನಮ್ಮ ಬೀದಿಯಲ್ಲೇ ಇವೆ.

ಮಗು ನಿಮ್ಮ ಬಳಿ ಇದೆಯೇ? ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು

ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ಮಗುವಿನ ಹೊಟ್ಟೆ, ಬಟ್ಟೆ, ಜ್ವರ, ಫೀಸು ಎಲ್ಲ ನಿಮ್ಮ ತಲೆಯ ಮೇಲಿದೆ. ಮೋಸಹೋದ ಸಿಟ್ಟು ಆರಿಲ್ಲ. ಆ ಸಿಟ್ಟನ್ನು ಗೆಳತಿಯ ಬಳಿ ಹೇಳಿ, ಅಣ್ಣನ ಬಳಿ ಹೇಳಿ, ಆಪ್ತಸಮಾಲೋಚಕರ ಬಳಿ ಹೇಳಿ. ಮಗುವಿನ ಬಳಿ ಹೇಳಬೇಡಿ.

ಭೇಟಿಯ ದಿನ ಮಗುವಿಗೆ ಒಳ್ಳೆಯ ಬಟ್ಟೆ ಹಾಕಿ, "ಖುಷಿಯಾಗಿ ಹೋಗಿ ಬಾ" ಎಂದು ಹೇಳಿ ಕಳಿಸಿ. ಆ ಒಂದು ಮಾತಿನಿಂದ ಮಗುವಿನ ಎದೆಯ ಭಾರ ಇಳಿಯುತ್ತದೆ. ಬಂದ ಮೇಲೆ ಪ್ರಶ್ನೆ ಹಾಕಬೇಡಿ. ಅದು ತಾನಾಗಿ ಹೇಳಿದರೆ ಕೇಳಿ, ನಗು ಬಂದರೆ ನಗಿ. ಮಾರ್ಕ್ಸ್ ಕಾರ್ಡು, ಶಾಲಾ ವಾರ್ಷಿಕೋತ್ಸವ, ಆಸ್ಪತ್ರೆಯ ಸುದ್ದಿ ಇನ್ನೊಬ್ಬರಿಗೂ ತಲುಪಲಿ. ಯುಗಾದಿ ಒಬ್ಬರ ಬಳಿ ಆದರೆ ದೀಪಾವಳಿ ಇನ್ನೊಬ್ಬರ ಬಳಿ ಆಗಲಿ. ಬೇಸಿಗೆ ರಜೆಯನ್ನು, ದಸರಾ ರಜೆಯನ್ನು ಹಂಚಿಕೊಳ್ಳಿ.

"ಜೀವನಾಂಶ ಕೊಟ್ಟಿಲ್ಲ, ಅದಕ್ಕೇ ಮಗು ತೋರಿಸಲ್ಲ" ಎನ್ನಬೇಡಿ. "ಮಗು ತೋರಿಸಲ್ಲ, ಅದಕ್ಕೇ ದುಡ್ಡು ಕೊಡಲ್ಲ" ಎನ್ನುವವರಿಗೂ ಇದೇ ಮಾತು. ಜೀವನಾಂಶವೂ ಭೇಟಿಯೂ ಎರಡೂ ಮಗುವಿನ ಹಕ್ಕು. ಒಂದಕ್ಕೆ ಇನ್ನೊಂದನ್ನು ಒತ್ತೆ ಇಡಲು ಅವು ನಿಮ್ಮವಲ್ಲ.

ಮಗುವಿನಿಂದ ದೂರವಾಗಿದ್ದೀರಾ? ಕೈಬಿಡಬೇಡಿ

"ಮಗುವೇ ಬೇಡ ಅಂದಮೇಲೆ ಇನ್ನೇನು" ಎಂದು ಹಿಂದೆ ಸರಿಯಬೇಡಿ. ನೀವು ಸರಿದ ದಿನ, ಮಗುವಿಗೆ ಹೇಳಿದ ಸುಳ್ಳು ನಿಜವಾಗುತ್ತದೆ.

● ಮುಖ್ಯ ಪ್ರಕರಣ ಮುಗಿಯಲೆಂದು ಕಾಯಬೇಡಿ. ಮಧ್ಯಂತರ ಭೇಟಿಗೆ, ಫೋನ್ ಮಾತಿಗೆ ಮೊದಲೇ ಅರ್ಜಿ ಹಾಕಿಸಿ. ಮಗು ದೂರವಾಗಿ ಕಳೆದ ಪ್ರತಿ ತಿಂಗಳೂ ನಂಟನ್ನು ಸವೆಸುತ್ತದೆ.

● ಭೇಟಿಗೆ ತಪ್ಪದೆ ಹೋಗಿ, ಸಮಯಕ್ಕೆ ಸರಿಯಾಗಿ ಹೋಗಿ. ಮಗು ಮಾತಾಡದಿದ್ದರೂ ಪಕ್ಕದಲ್ಲಿ ಕೂತು ಚಿತ್ರ ಬರೆಯಿರಿ, ಕಥೆ ಹೇಳಿ. ಅಳುವ ಮಗುವನ್ನು ಬಲವಂತವಾಗಿ ಎಳೆಯಬೇಡಿ, ಅದರ ಮೇಲೆ ರೇಗಬೇಡಿ.

● "ನಿನಗೆ ಅವರು ಸುಳ್ಳು ಹೇಳಿಕೊಟ್ಟಿದ್ದಾರೆ" ಎಂದು ಶುರುಮಾಡಬೇಡಿ. ಮಗುವಿನ ಎದುರು ಮತ್ತೊಂದು ಕಟಕಟೆ ಕಟ್ಟಿದಂತಾಗುತ್ತದೆ. "ನಿನಗೆ ಹಾಗನ್ನಿಸಿದೆ, ನನಗೆ ಗೊತ್ತು. ನಾನು ನಿನ್ನನ್ನು ಬಿಟ್ಟಿಲ್ಲ" ಎನ್ನುವುದೇ ಸಾಕು.

● ತಪ್ಪಿದ ಭೇಟಿಗಳ ದಿನಾಂಕ, ಕಾರಣ, ಕಳಿಸಿದ ಸಂದೇಶ, ಕಟ್ಟಿದ ಫೀಸಿನ ರಸೀದಿ ಎಲ್ಲವನ್ನೂ ಜೋಪಾನವಾಗಿಡಿ. ಆದೇಶ ಮುರಿದರೆ ಬೀದಿಯಲ್ಲಿ ಕೂಗಾಡದೆ, ಆದೇಶ ಕೊಟ್ಟ ಕೋರ್ಟಿಗೇ ಹೋಗಿ ಜಾರಿಗೆ ಅರ್ಜಿ ಹಾಕಿ.

● ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗುವ ಯೋಚನೆ ಬೇಡವೇ ಬೇಡ. ಮಗುವಿಗೆ ಅದು ಆಘಾತ, ನಿಮ್ಮ ಪ್ರಕರಣಕ್ಕೂ ಪೆಟ್ಟು. ಮಗುವಿನ ಫೋಟೊ, ವಿಡಿಯೊ ಹಾಕಿ ಫೇಸ್‌ಬುಕ್ಕಿನಲ್ಲಿ ಜಗಳ ಆಡಬೇಡಿ.

● ಹುಟ್ಟುಹಬ್ಬಕ್ಕೆ ಪತ್ರ ಬರೆಯಿರಿ, ಒಂದು ಪ್ರತಿ ನಿಮ್ಮಲ್ಲಿರಲಿ. ತಲುಪದಿದ್ದರೂ ಬರೆಯಿರಿ. ಮಗು ಬೆಳೆದು ಬಂದು ಕೇಳುವ ದಿನ ನಿಮ್ಮ ಕೈ ಖಾಲಿ ಇರಬಾರದು.

ಬದುಕೇ ಸಾಕೆನಿಸಿದರೆ ಒಬ್ಬರೇ ಕೂತು ನರಳಬೇಡಿ. ಕೆಳಗೆ ಕೊಟ್ಟಿರುವ ಸಂಖ್ಯೆಗೆ ಕರೆಮಾಡಿ. ನಿಮ್ಮ ಮಗುವಿಗೆ ನೀವು ಬೇಕು.

ಸುತ್ತಲಿನವರೇ, ನಿಮ್ಮ ಪಾಲೂ ಇದೆ

ಅಜ್ಜ-ಅಜ್ಜಿಯರೇ, ಮೊಮ್ಮಗುವಿನ ಮುಂದೆ ಸೊಸೆಯನ್ನೋ ಅಳಿಯನನ್ನೋ ಬೈಯಬೇಡಿ. ಮಕ್ಕಳ ಸಂಸಾರ ಮುರಿದ ಸಂಕಟ ನಿಮಗಿದೆ, ಮೊಮ್ಮಗು ನೋಡಲು ಸಿಗದ ಸಂಕಟವೂ ಇರಬಹುದು. ಸೇರಿಸುವ ಮಾತನ್ನು ಆಡಬಲ್ಲವರು ನೀವೇ.

ಶಿಕ್ಷಕರೇ, ಕೋರ್ಟಿನ ತಡೆ ಇಲ್ಲದಿದ್ದರೆ ತಂದೆ-ತಾಯಿ ಇಬ್ಬರಿಗೂ ಮಗುವಿನ ಓದಿನ ಮಾಹಿತಿ ಕೊಡಿ. ಪೋಷಕರ ಸಭೆಗೆ ಇಬ್ಬರನ್ನೂ ಕರೆಯಿರಿ. ತರಗತಿಯಲ್ಲಿ ಇದ್ದಕ್ಕಿದ್ದಂತೆ ಮಂಕಾದ ಮಗುವನ್ನು ಪಕ್ಕಕ್ಕೆ ಕರೆದು ಮಾತಾಡಿಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ಈ ವಿಷಯವನ್ನು ಸಭೆಯಲ್ಲಿ ಎತ್ತಲಿ.

ವಕೀಲರೇ, ಕಕ್ಷಿದಾರರ ಸಿಟ್ಟು ನಿಮ್ಮ ಅರ್ಜಿಯ ಭಾಷೆಯಾಗದಿರಲಿ. ಮಾಡದ ಹಿಂಸೆಯನ್ನು ಬರೆಯಬೇಡಿ, ಮಾಡಿದ ಹಿಂಸೆಯನ್ನು ಮುಚ್ಚಬೇಡಿ. ಮಧ್ಯಸ್ಥಿಕೆಯ ದಾರಿ ಮೊದಲು ತೋರಿಸಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹುಟ್ಟಿದ್ದೇ ರಾಜಿಗೆ ಮೊದಲ ಜಾಗ ಕೊಡಲು.

ನೆರೆಹೊರೆಯವರೇ, "ಪಾಪ, ಅಪ್ಪ ಬಿಟ್ಟ ಮಗು", "ಅಮ್ಮ ಓಡಿಹೋದ ಮಗು" ಎಂದು ಮಗುವಿನ ಕಿವಿಗೆ ಬೀಳುವಂತೆ ಆಡಬೇಡಿ.

ಬೆಳೆದುನಿಂತ ಮಕ್ಕಳೇ, ನಿಮಗೆ ಹೇಳಿದ್ದು ಕಥೆಯ ಒಂದು ಮಗ್ಗುಲು ಇರಬಹುದು. ಇನ್ನೊಂದು ಮಗ್ಗುಲನ್ನೂ ಕೇಳಿ. ಸಾಕಿದವರಿಗೆ ಅದರಿಂದ ದ್ರೋಹವಾಗುವುದಿಲ್ಲ.

ನಮ್ಮ ಹಕ್ಕೊತ್ತಾಯಗಳು

1. ಮಕ್ಕಳ ಪೋಷಣೆ ಮತ್ತು ಶಿಕ್ಷಣದ ಅರ್ಜಿಗಳನ್ನು ನೋಟಿಸ್ ತಲುಪಿದ ಮೇಲೆ ಸಾಧ್ಯವಾದಷ್ಟು 60 ದಿನಗಳಲ್ಲಿ ತೀರ್ಮಾನಿಸಬೇಕೆಂದು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿಗೆ 2001ರಲ್ಲೇ ಸೇರಿಸಲಾಗಿದೆ. ಮಧ್ಯಂತರ ಭೇಟಿಯ ಅರ್ಜಿಗಳಿಗೂ ಇದೇ ಗಡುವು ಬರಲಿ.

2. ಪರಸ್ಪರ ಒಪ್ಪಿಗೆಯದೂ ಸೇರಿ ಪ್ರತಿ ವಿಚ್ಛೇದನದ ಆದೇಶದ ಜೊತೆ ಮಗುವಿನ ಪಾಲನೆಯ ಯೋಜನೆ ಇರಲಿ. ವಾರದ ದಿನ, ಹಬ್ಬ, ರಜೆ, ಫೋನ್ ಸಮಯ, ಶಾಲೆಯ ಮಾಹಿತಿ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ.

3. ಪ್ರತಿ ಜಿಲ್ಲೆಯಲ್ಲೂ ಮಗುಸ್ನೇಹಿ ಭೇಟಿ ಕೊಠಡಿ, ತರಬೇತಾದ ಆಪ್ತಸಮಾಲೋಚಕರು ಬೇಕು. ಭಾನುವಾರವೂ ತೆರೆದಿರಲಿ. ಹೆತ್ತವರನ್ನು ನೋಡಲು ಮಗು ಶಾಲೆ ಬಿಟ್ಟು ಕೋರ್ಟಿಗೆ ಬರುವಂತಾಗಬಾರದು.

4. ಭೇಟಿ ತಪ್ಪಿಸಿದ ದೂರಿಗೆ ತಕ್ಷಣ ವಿಚಾರಣೆ ನಡೆಯಲಿ, ತಪ್ಪಿದ ದಿನಗಳಿಗೆ ಬದಲಿ ದಿನ ಸಿಗಲಿ.

5. ಹಿಂಸೆಯ ದೂರು ಬಂದಾಗ ಪರಿಣತರಿಂದ ಶೀಘ್ರ ತನಿಖೆಯಾಗಲಿ. ಅಲ್ಲಿಯವರೆಗೆ ಭೇಟಿ ಬೇಕೋ ಬೇಡವೋ ಎಂಬುದನ್ನು ಕೋರ್ಟೇ ನಿರ್ಧರಿಸಲಿ. ಕೊಟ್ಟರೂ ಮೂರನೆಯವರ ಕಣ್ಗಾವಲಿನಲ್ಲೇ ಕೊಡಲಿ.

6. ಜಂಟಿ ಪಾಲನೆಗೆ ಕಾನೂನಿನಲ್ಲಿ ಜಾಗ ಕೊಡಿ, ಅಜ್ಜ-ಅಜ್ಜಿಯರ ಭೇಟಿಗೂ ನಿಯಮ ಮಾಡಿ ಎಂದು ಭಾರತದ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ 2015ರ ಮೇ ತಿಂಗಳಲ್ಲೇ ಶಿಫಾರಸು ಮಾಡಿದೆ. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿ.

7. ಹೆತ್ತವರಿಬ್ಬರ ಹೆಸರು, ಫೋನ್ ಸಂಖ್ಯೆಯನ್ನು ಶಾಲೆಯ ದಾಖಲೆಯಲ್ಲಿ ಇಡುವಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ.

ನೀವು ಮಾಡಬೇಕಾದದ್ದು

ಈ ಹಕ್ಕೊತ್ತಾಯಗಳನ್ನು ನಿಮ್ಮ ಶಾಸಕರಿಗೆ, ಸಂಸದರಿಗೆ ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿ. ನಿಮ್ಮೂರಿನ ವಕೀಲರ ಸಂಘಕ್ಕೆ, ಮಹಿಳಾ ಸಂಘಕ್ಕೆ, ಶಾಲೆಗೆ ಒಂದೊಂದು ಪ್ರತಿ ಮುಟ್ಟಿಸಿ. ಏಪ್ರಿಲ್ 25ನ್ನು ಜಗತ್ತಿನ ಹಲವೆಡೆ ಈ ವಿಷಯದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ನಿಮ್ಮ ಬಡಾವಣೆಯಲ್ಲೂ ಆ ದಿನ ಹತ್ತು ಜನ ಸೇರಿ ಮಾತಾಡಿ.

ಸಹಾಯಕ್ಕೆ: ಉಚಿತ ಕಾನೂನು ನೆರವು 15100 (ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲ) ● ಮಕ್ಕಳ ಸಹಾಯವಾಣಿ 1098 ● ಮಹಿಳಾ ಸಹಾಯವಾಣಿ 181 ● ಮನಸ್ಸಿನ ಆರೋಗ್ಯಕ್ಕೆ ಟೆಲಿ-ಮಾನಸ್ 14416 ● ತುರ್ತಿಗೆ 112

ಬಂಧುಗಳೇ, ಕಾನೂನು ಬದಲಾಗಲು ಸಮಯ ಹಿಡಿಯುತ್ತದೆ. ನಿಮ್ಮ ಮನೆ ಬದಲಾಗಲು ಯಾರ ಆದೇಶವೂ ಬೇಡ. ಮಗು ನಿಮ್ಮ ಬಳಿ ಇದ್ದರೆ, ಅದಕ್ಕೆ ಅಪಾಯವಿಲ್ಲದಿದ್ದರೆ, ಇಂದು ಸಂಜೆಯೇ ಇನ್ನೊಬ್ಬರಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಟ್ಟು ನೀವು ಆಚೆ ಹೋಗಿ. ಮಗು ನಿಮ್ಮಿಂದ ದೂರವಿದ್ದರೆ, ಮುಂದಿನ ಭೇಟಿಗೆ ತಪ್ಪದೆ ಹೋಗಿ.

ಮಗುವಿಗೆ ಇಬ್ಬರೂ ಬೇಕು! ಮಗುವಿನ ಹಿತವೇ ಮೊದಲು!

ಓದಿದ ಮೇಲೆ ಎಸೆಯಬೇಡಿ, ಇನ್ನೊಬ್ಬರ ಕೈಗೆ ಕೊಡಿ.

ಇಂತಿ,
ಮಕ್ಕಳ ಪರವಾಗಿ ನಿಂತ ತಂದೆ-ತಾಯಂದಿರು, ಅಜ್ಜ-ಅಜ್ಜಿಯರು